ಹುಣಸೆಯ ಮರದಡಿಯ ಜೀಪು

ಬಿಡದಿಯ ಪೇಟೆಯನ್ನು ದಾಟಿ ಬೈರಮಂಗಲದ ದಾರಿ ಹಿಡಿದವರಿಗೆ ಊರು ಕಣ್ಣಿಗೆ ಬೀಳುವ ಮೊದಲೇ ಕೆರೆ ಮೂಗಿಗೆ ತಾಕುತ್ತದೆ. 1940ರ ದಶಕದಲ್ಲಿ ವೃಷಭಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆ ಅದು. ಕಟ್ಟಿದವರು ಬತ್ತದ ಗದ್ದೆಗಳನ್ನು ನೆನೆದು ಕಟ್ಟಿದರು. ಬೆಂಗಳೂರು ಬೆಳೆದು ತನ್ನ ಕೊಳೆಯನ್ನೆಲ್ಲ ಆ ಹೊಳೆಗೇ ಹರಿಯಬಿಟ್ಟಿತು. ಈಗ ಕೋಡಿಯಲ್ಲಿ ಬಿಳಿಯ ನೊರೆ ಬೆಟ್ಟದಂತೆ ಏಳುತ್ತದೆ. ಬತ್ತವಿದ್ದ ಎಷ್ಟೋ ಕಡೆ ದನದ ಮೇವೂ ಬೇಬಿ ಕಾರ್ನೂ ಬೆಳೆಯುತ್ತವೆ. ಆ ನದಿ ಹುಟ್ಟುವುದು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಎಂಬ ನಂಬಿಕೆಯುಂಟು. ಬೈರಮಂಗಲದ ಒಂದು ಮನೆಯ ಹಿರಿಯ ಮಗ ಓದಿ, ಕೆಲಸ ಹಿಡಿದು, ನಿವೃತ್ತರಾಗಿ ನೆಲೆಸಿರುವುದೂ ಅದೇ ಬಸವನಗುಡಿಯಲ್ಲಿಯೇ. ಕಿರಿಯವರು ಕೆರೆಯ ಕೆಳಗಿನ ಹಳೆಯ ಮನೆಯಲ್ಲಿ, ತಾಯಿಯೊಡನೆ ಉಳಿದರು. ಹೊಳೆಯ ತಲೆಯಲ್ಲಿ ಅಣ್ಣ, ಕಾಲಿನಲ್ಲಿ ತಮ್ಮ.

ಇವರಿಬ್ಬರ ನಡುವೆ ತಂದೆಯ ಕಾಲವಾದ ಮೇಲೆ ಆಸ್ತಿ ಪಾಲಾದದ್ದು ಸುಲಭವಾಗಿಯೇ. ಹೊಲ, ಗದ್ದೆ, ಮನೆ, ತಾಮ್ರದ ಹಂಡೆಯವರೆಗೆ ಎಲ್ಲವೂ ಪಾಲುಪಟ್ಟಿಯಲ್ಲಿ ಬಂದವು. ಬಾರದೆ ಉಳಿದದ್ದು ಒಂದೇ ವಸ್ತು: ಹಿತ್ತಲಿನ ಹುಣಸೆಯ ಮರದಡಿಯಲ್ಲಿ ನಿಂತಿದ್ದ ಜೀಪು. ಅದು ಆಸ್ತಿಯೆಂದು ಅಂದು ಯಾರಿಗೂ ತೋರಲಿಲ್ಲ.

ಜೀಪೆಂದರೆ ಪೂರ್ತಿ ಜೀಪೂ ಅಲ್ಲ. ಮಹೀಂದ್ರ ಸಂಸ್ಥೆ ಅಮೆರಿಕದ ವಿಲ್ಲಿಸ್ ಜೀಪನ್ನು ಮುಂಬಯಿಯಲ್ಲಿ ಜೋಡಿಸಲು ತೊಡಗಿದ್ದು 1947ರಲ್ಲಿ. ಮುಂದೆ ಬಂದ ಸಿ.ಜೆ.3ಬಿ ಎಂಬ ಬಗೆಯ ಬಾನೆಟ್ಟು ಮಾತ್ರ ಹಿಂದಿನವಕ್ಕಿಂತ ಎತ್ತರ. ಒಳಗಿನ ಹರಿಕೇನ್ ಇಂಜಿನ್ನಿನಲ್ಲಿ ಒಳಸೇರುವ ಅನಿಲದ ಕವಾಟಗಳು ಮೇಲಕ್ಕೆ ಹೋದುದರಿಂದ ಇಂಜಿನ್ನು ಎತ್ತರವಾಯಿತು, ಅದನ್ನು ಮುಚ್ಚುವ ಬಾನೆಟ್ಟೂ ಗಲ್ಲವೆತ್ತಿ ನಿಂತಿತು. ಈ ಮನೆಯದು ಅಂತಹುದೊಂದು, 1964ರ ಬಂಡಿ. ರಾಜ್ಯಕ್ಕೆ ಇನ್ನೂ ಮೈಸೂರೆಂಬ ಹೆಸರಿದ್ದ ಕಾಲದ್ದಾದ್ದರಿಂದ ಅದರ ನಂಬರು 'ಎಂ.ವೈ.' ಎಂದೇ ಮೊದಲಾಗುತ್ತದೆ. ತಂದೆ ಅದನ್ನು 1974ರಲ್ಲಿ ಎರಡನೆಯ ಕೈಯಿಂದ ಕೊಂಡರು. ಹಿಂಬದಿಯ ಆಸನಗಳನ್ನು ಕಿತ್ತು, ಬಡಗಿಯಿಂದ ಮರದ ತೊಟ್ಟಿ ಕಟ್ಟಿಸಿ, ಪಿಕಪ್ ಮಾಡಿ, ರೇಷ್ಮೆಗೂಡಿನ ಮೂಟೆ ಹೇರುವುದಕ್ಕೆ ಇಟ್ಟುಕೊಂಡರು.

ರೇಷ್ಮೆಗೂಡಿಗೆ ಬಂಡಿಯ ಆವಶ್ಯಕತೆ ಏಕೆಂದು ನಗರವಾಸಿಗಳು ಕೇಳಿಯಾರು. ಗೂಡೆಂದರೆ ರಾಗಿಯ ಮೂಟೆಯಲ್ಲ. ಒಳಗಿನ ಕೋಶ ಜೀವಂತವಾಗಿರುತ್ತದೆ. ಚಂದ್ರಿಕೆಯಿಂದ ಬಿಡಿಸಿದ ಮೇಲೆ ಅದಕ್ಕೆ ಕೆಲವೇ ದಿನಗಳ ಅವಧಿ. ತಡವಾದರೆ ಪತಂಗ ಗೂಡನ್ನು ಕೊರೆದು ಹೊರಬರುತ್ತದೆ, ಕೊರೆದ ಗೂಡಿನಿಂದ ನೂಲು ಬಿಚ್ಚಲಾಗದು. ಬಿಗಿದು ಕಟ್ಟಿ ಬಿಸಿಲಿನಲ್ಲಿಟ್ಟರೆ ಒಳಗೇ ಸತ್ತು ಕಲೆಯಾಗುತ್ತದೆ. ಆದ್ದರಿಂದ ಸಡಿಲವಾಗಿ ತುಂಬಿ, ರಾತ್ರಿಯ ತಂಪಿನಲ್ಲಿ ಸಾಗಿಸಿ, ಬೆಳಗಾಗುವಷ್ಟರಲ್ಲಿ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿರಬೇಕು. 1959ರ ಕಾಯಿದೆಯ ತರುವಾಯ ಗೂಡಿನ ವ್ಯಾಪಾರ ಸರ್ಕಾರದ ನಿಯಂತ್ರಣಕ್ಕೆ ಬಂದಿತ್ತು. ಕೇರಿಯವರ ಗೂಡನ್ನೆಲ್ಲ ಹೇರಿಕೊಂಡು ನಡುರಾತ್ರಿಯಲ್ಲಿ ಹೊರಟ ಈ ಬಂಡಿ, ಹರಾಜು ಮುಗಿದು ಹಣ ಕೈಸೇರಿದ ಮೇಲೆ, ಮಧ್ಯಾಹ್ನ ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಂತು, ಊರಿಗೆ ಮರಳುತ್ತಿತ್ತು. ಹೀಗೆ ಇಪ್ಪತ್ತೆರಡು ವರ್ಷ. 1996ರಲ್ಲಿ ಒಂದು ದಿನ ಹುಣಸೆಯ ಮರದಡಿಯಲ್ಲಿ ನಿಂತದ್ದು ಮತ್ತೆ ಹೊರಡಲಿಲ್ಲ. 2003ರಲ್ಲಿ ತಂದೆ ತೀರಿಕೊಂಡರು. ಅಷ್ಟರಲ್ಲಿ ಬಿಡದಿಯಲ್ಲಿ ಟೊಯೋಟ ಕಾರ್ಖಾನೆ ಬಂದಿತ್ತು. 2000ದ ಮೊದಲಿನಿಂದ ಹೊಚ್ಚಹೊಸ ಕ್ವಾಲಿಸ್ ಬಂಡಿಗಳು ಅಲ್ಲಿಂದ ಹೊರಬಿದ್ದು ಹೆದ್ದಾರಿಗೆ ಇಳಿಯುತ್ತಿದ್ದವು. ಅಲ್ಲಿಂದ ಅನತಿ ದೂರದಲ್ಲಿ ಈ ಜೀಪಿನ ಟೈರು ನೆಲಕ್ಕೆ ಅಂಟಿ, ತೊಟ್ಟಿಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು.

ಹಿರಿಯರಿಗೆ ಇದ್ದಕ್ಕಿದ್ದಂತೆ ಜೀಪಿನ ಮೇಲೆ ಮಮತೆ ಹುಟ್ಟಿದ್ದು ನಿವೃತ್ತಿಯ ನಂತರ. ಬೆಂಗಳೂರಿನಲ್ಲಿ ಹಳೆಯ ಕಾರುಗಳ ಮೆರವಣಿಗೆಯೊಂದನ್ನು ಮೊಮ್ಮಗನೊಡನೆ ನೋಡಿಬಂದರು. ಕನ್ನಡಿಯಂತೆ ಹೊಳೆಯುವ ಬಾನೆಟ್ಟುಗಳ ನಡುವೆ ಮೊಮ್ಮಗ, “ತಾತ, ನಮ್ಮದೂ ಒಂದು ಇದೆಯಲ್ಲ, ಊರಲ್ಲಿ?” ಎಂದ. ಅಷ್ಟೇ ಸಾಕಾಯಿತು. ನಿವೃತ್ತರ ತಲೆ ಖಾಲಿ ಮನೆಯಂತೆ. ಯಾವ ಯೋಚನೆ ಮೊದಲು ಬಂದು ಬಾಗಿಲು ತಟ್ಟಿದರೂ ಅದಕ್ಕೆ ಮನೆಯೆಲ್ಲ ಬಿಟ್ಟುಕೊಟ್ಟುಬಿಡುತ್ತದೆ. ಮರುವಾರವೇ ಊರಿಗೆ ಹೋಗಿ, ಜೀಪನ್ನು ದುರಸ್ತಿ ಮಾಡಿಸುವೆನೆಂದು ಪ್ರಕಟಿಸಿದರು.

ತಮ್ಮನವರು ಆ ವೇಳೆಗೆ ಗುಜರಿಯವನೊಡನೆ ಮಾತು ಮುಗಿಸಿದ್ದರು. ಕಿಲೋಗೆ ಇಪ್ಪತ್ತೆಂಟು ರೂಪಾಯಿ. ಟನ್ನಿನ ಲೆಕ್ಕದಲ್ಲಿ ಇಪ್ಪತ್ತೆಂಟು ಸಾವಿರ. ಜೀಪು ನಿಂತ ಜಾಗದಲ್ಲಿ ಇನ್ನೆರಡು ಹಸು ಕಟ್ಟುವಷ್ಟು ಕೊಟ್ಟಿಗೆಯನ್ನು ಮುಂದುವರಿಸಬಹುದು.

“ಅದರಲ್ಲೇನಿದೆ ಅಣ್ಣ, ಬರೀ ತುಕ್ಕು,” ಎಂದರು.

“ಅಪ್ಪನ ಬಂಡಿ ಕಣೋ ಅದು,” ಎಂದರು ಅಣ್ಣ.

ತಮ್ಮ ಇದಕ್ಕೆ ಉತ್ತರ ಹೇಳದೆ ಹಾಲು ಕರೆಯಲು ಎದ್ದುಹೋದರು. ತಾಯಿ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಅವರೂ ಏನೂ ಹೇಳಲಿಲ್ಲ.

ಕಡೆಗೆ, ಬಲ್ಲವರೊಬ್ಬರಿಗೆ ತೋರಿಸಿ ಅವರು ಹೇಳಿದಂತೆ ಮಾಡುವುದೆಂದು ಒಪ್ಪಂದವಾಯಿತು. ರಾಮನಗರದಿಂದ ಒಬ್ಬ ಮೇಸ್ತ್ರಿಯನ್ನು ಕರೆಸಿದರು. ಎಪ್ಪತ್ತು ದಾಟಿದ ಆತ ಹುಡುಗತನದಿಂದಲೂ ಜೀಪಿನ ಹೊಟ್ಟೆಯ ಕೆಳಗೇ ಮಲಗಿ ಬೆಳೆದವರು. ಅವರು ತಂದ ಉಪಕರಣಗಳು ಮೂರೇ: ಒಂದು ಸಣ್ಣ ಸುತ್ತಿಗೆ, ಒಂದು ಚೂಪಾದ ದಬ್ಬಳ, ಒಂದು ಟಾರ್ಚು. ಬಣ್ಣವನ್ನಾಗಲಿ ಆಸನವನ್ನಾಗಲಿ ಅವರು ಕಣ್ಣೆತ್ತಿಯೂ ನೋಡಲಿಲ್ಲ. ಗೋಣಿ ಹಾಸಿಕೊಂಡು ನೇರವಾಗಿ ಕೆಳಕ್ಕೆ ನುಸುಳಿದರು.

ಸುತ್ತಿಗೆಯ ಸದ್ದು ಕೇಳತೊಡಗಿತು. ಷಾಸಿಯ ಉದ್ದಕ್ಕೂ ಗೇಣಿಗೊಂದು ಪೆಟ್ಟು. ಒಳ್ಳೆಯ ಕಬ್ಬಿಣವಿದ್ದ ಕಡೆ 'ಟಣ್' ಎಂದು ದೇವಸ್ಥಾನದ ಗಂಟೆಯ ತಮ್ಮನಂತೆ ನುಡಿಯಿತು. ಒಳಗೆ ಕೊರೆದಿದ್ದ ಕಡೆ 'ದೊಪ್' ಎಂದು ಹುಳುಕು ಕುಂಬಳದಂತೆ. 'ದೊಪ್' ಎಂದಲ್ಲೆಲ್ಲ ದಬ್ಬಳವನ್ನು ಒತ್ತಿ ನೋಡಿದರು. ಎರಡು ಕಡೆ ಅದು ನಿಂತಿತು. ಹಿಂಬದಿಯ ಎಡಗಡೆ, ಕಮಾನಿನ ಪಟ್ಟಿ ಷಾಸಿಗೆ ತಗಲಿಕೊಳ್ಳುವ ಕೊಂಡಿಯ ಬಳಿ, ಬೆಣ್ಣೆಯೊಳಗೆ ಹೋದಂತೆ ಹೋಯಿತು.

ತುಕ್ಕೆಲ್ಲ ಒಂದೇ ಜಾತಿಯದಲ್ಲವೆಂಬುದನ್ನು ಅಣ್ಣತಮ್ಮಂದಿರಿಬ್ಬರೂ ಅಂದು ತಿಳಿದರು. ಮೇಲ್ಮೈಯ ಕೆಂಪು ಪುಡಿ ಹೆದರುವಂಥದಲ್ಲ. ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಕೆಳಗೆ ಗಟ್ಟಿ ಲೋಹ ಸಿಕ್ಕುತ್ತದೆ. ಹಪ್ಪಳದಂತೆ ಪದರ ಪದರವಾಗಿ ಏಳುವುದು ಅದಕ್ಕಿಂತ ಕೆಟ್ಟದ್ದು. ಅಲ್ಲಿ ತಗಡು ಎಷ್ಟು ತೆಳುವಾಗಿದೆಯೆಂದು ಅಳೆದು ನೋಡಬೇಕು. ಮೂರನೆಯದು ಒಳಗಿನಿಂದ ತಿನ್ನುವ ತುಕ್ಕು. ಷಾಸಿಯಲ್ಲಿ ಮುಚ್ಚಿದ ಪೆಟ್ಟಿಗೆಯಂತಿರುವ ಭಾಗಗಳಿವೆಯಷ್ಟೆ, ನೀರೂ ಮಣ್ಣೂ ಅವುಗಳೊಳಗೆ ಸೇರಿ ಹೊರಬರದೆ ಕುಳಿತುಬಿಡುತ್ತವೆ. ಹೊರಗೆ ಬಣ್ಣ ನೆಟ್ಟಗಿರುತ್ತದೆ, ಒಳಗೆ ಏನೂ ಉಳಿದಿರುವುದಿಲ್ಲ. ಕಬ್ಬಿಣ ತುಕ್ಕಾಗಿ ಮಾರ್ಪಟ್ಟಾಗ ಅದರ ಗಾತ್ರ ಹಲವು ಪಾಲು ಹೆಚ್ಚುತ್ತದೆ. ಆದ್ದರಿಂದ ಎರಡು ತಗಡುಗಳು ಕೂಡುವ ಸಂದಿಯಲ್ಲಿ ಹುಟ್ಟಿದ ತುಕ್ಕು, ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿಯ ಗಿಡದಂತೆ, ಎರಡನ್ನೂ ಆಚೀಚೆ ನೂಕಿ ಬೆಸುಗೆಯನ್ನೇ ಬಿಡಿಸಿಬಿಡುತ್ತದೆ.

ಎಲ್ಲ ಕಬ್ಬಿಣಕ್ಕೂ ಈ ಗತಿಯೆಂದೇನೂ ಇಲ್ಲ. ಮಲೆನಾಡಿನ ಆ ಮಳೆಯಲ್ಲಿ ಕೊಡಚಾದ್ರಿಯ ಮೂಲ ಮೂಕಾಂಬಿಕೆಯ ಗುಡಿಯ ಮುಂದಿನ ಕಬ್ಬಿಣದ ಕಂಬ ಇಂದಿಗೂ ನೆಟ್ಟಗೆ ನಿಂತಿದೆ. ದೆಹಲಿಯ ಮೆಹ್ರೋಲಿಯ ಕಂಬಕ್ಕೆ ಸಾವಿರದ ಆರುನೂರು ವರ್ಷಗಳಾದುವು. ಅದರಲ್ಲಿರುವ ರಂಜಕದ ಅಂಶ ಮೈಮೇಲೊಂದು ತೆಳುವಾದ ಕವಚವನ್ನು ಹೊದಿಸಿ ಕಾಪಾಡಿದೆಯೆಂದು ಬಲ್ಲವರು ಹೇಳುತ್ತಾರೆ. ಜೀಪಿನ ತಗಡಿಗೆ ಅಂಥ ಪುಣ್ಯವಿಲ್ಲ. ಅದಕ್ಕೆ ಬಣ್ಣವೇ ಕವಚ, ಬಣ್ಣ ಬಿರಿದರೆ ಮುಗಿಯಿತು.

“ಬಿಸಿಲಲ್ಲಿ ನಿಲ್ಲಿಸಿದ್ದಿದ್ರೆ ಇಷ್ಟು ಹೋಗ್ತಿರಲಿಲ್ಲ ಸ್ವಾಮಿ,” ಎಂದರು ಮೇಸ್ತ್ರಿ, ಮೈಯ ಧೂಳು ಕೊಡವುತ್ತ. “ನೆರಳು ಅಂತ ಮರದ ಕೆಳಗೆ ನಿಲ್ಲಿಸಿದಿರಿ. ಮರ ಎಲೆ ಉದುರಿಸ್ತು. ಎಲೆ ತೇವ ಹಿಡೀತು. ಮೂವತ್ತು ವರ್ಷ ಒದ್ದೆ ಬಟ್ಟೆ ಹೊದ್ದುಕೊಂಡು ಮಲಗಿದೆ ಬಂಡಿ.”

ಹಿತ್ತಾಳೆಯ ಪಾತ್ರೆಗೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಫಳಫಳ ಹೊಳೆಯುವುದನ್ನು ಕಂಡ ಮನೆಯವರಿಗೆ ಹುಣಸೆಯ ಮರ ಇಂಥ ಕೆಲಸ ಮಾಡೀತೆಂದು ಹೊಳೆದಿರಲಿಲ್ಲ.

ಇನ್ನು ಇಂಜಿನ್ನು. ಗಾಳಿ ಸೋಸುವ ಡಬ್ಬಿಯಲ್ಲಿ ಇಲಿ ಸಂಸಾರ ಹೂಡಿ ಬಿಟ್ಟುಹೋಗಿತ್ತು. ಪಿಸ್ಟನ್ನುಗಳು ಹಿಡಿದುಕೊಂಡಿದ್ದವು. ಬಲವಂತವಾಗಿ ತಿರುಗಿಸಲು ಹೋದರೆ ರಿಂಗು ಮುರಿಯುತ್ತವೆಂದು ಹೇಳಿ ಮೇಸ್ತ್ರಿ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಸೀಮೆಎಣ್ಣೆಯನ್ನೂ ಇಂಜಿನ್ ಆಯಿಲ್ಲನ್ನೂ ಬೆರೆಸಿ ಒಂದೊಂದು ರಂಧ್ರಕ್ಕೂ ಸುರಿದರು. “ಎಂಟು ದಿನ ನೆನೆಯಲಿ, ಆಮೇಲೆ ನೋಡೋಣ. ಅದು ಬಿಟ್ಟುಕೊಟ್ಟರೆ ಬದುಕಿದೆ ಅಂತ ಲೆಕ್ಕ,” ಎಂದರು. ಅವರ ಅಂದಾಜು ಇದು: ರಸ್ತೆಗಿಳಿಯುವಂತೆ ಪೂರ್ತಿ ಮಾಡಲು ಎರಡೂವರೆ ಲಕ್ಷಕ್ಕೆ ಕಡಮೆಯಿಲ್ಲ. ಆ ಕೊಂಡಿಯ ಭಾಗವನ್ನು ಒಳ್ಳೆಯ ಕಬ್ಬಿಣ ಸಿಕ್ಕುವವರೆಗೆ ಕತ್ತರಿಸಿ ಹೊಸ ಪಟ್ಟಿ ಬೆಸೆಯಬೇಕು. ಸುಮ್ಮನೆ ಮೇಲೊಂದು ತಗಡು ಮುಚ್ಚಿದರೆ ತುಂಬಿದ ಬಂಡಿಯಲ್ಲಿ ಒಂದು ದಿನ ಚಕ್ರ ಕಳಚಿಕೊಂಡೀತು. ಬ್ರೇಕು ಹೊಸದಾಗಬೇಕು, ಪೆಟ್ರೋಲ್ ಟ್ಯಾಂಕು ಹೊಸದಾಗಬೇಕು, ವೈರಿಂಗ್ ಹೊಸದಾಗಬೇಕು. ಸುಮ್ಮನೆ ಸ್ಟಾರ್ಟಾಗಿ ತೋಟದ ಒಳಗೆ ಓಡಾಡಿದರೆ ಸಾಕೆಂದರೆ ತೊಂಬತ್ತು ಸಾವಿರ. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ತಿರುಗಬೇಕು, ಜೀಪಿನದು ಸಿಕ್ಕುತ್ತದೆ, ಅದೊಂದು ಅನುಕೂಲ.

ಹಿರಿಯರು ಬಸವನಗುಡಿಗೆ ಮರಳಿ ಆ ಎಂಟು ದಿನವೂ ಕಾನೂನು ಓದಿದರು. ಸರ್ಕಾರದ ಕೆಲಸದಲ್ಲಿದ್ದವರಿಗೆ ಕಾಗದ ಕಂಡರೆ ಧೈರ್ಯ. ಈ ಸಲ ಕಾಗದ ಧೈರ್ಯ ಕೊಡಲಿಲ್ಲ. ಆರ್.ಸಿ. ಪುಸ್ತಕ ತಂದೆಯ ಹೆಸರಿನಲ್ಲಿತ್ತು. ಮಾಲೀಕ ತೀರಿಕೊಂಡಾಗ ಮೂವತ್ತು ದಿನಗಳೊಳಗೆ ತಿಳಿಸಿ, ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ವಾರಸುದಾರರು ಅರ್ಜಿ ಹಾಕಬೇಕು. ಇಲ್ಲಿ ಕಳೆದಿರುವುದು ಎರಡು ದಶಕ. ಬಾಕಿ ತೆರಿಗೆಯ ಮಾತು ಬೇರೆ. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ಬಂಡಿಗಳಿಗೆ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿಯನ್ನು ಏರ್ಪಡಿಸಿತಷ್ಟೆ. ಹೊಸ ನೋಂದಣಿಗೆ 20 ಸಾವಿರ ರೂಪಾಯಿ, ಹತ್ತು ವರ್ಷದ ಅವಧಿ. ವಯಸ್ಸಿನಲ್ಲಿ ಜೀಪು ಧಾರಾಳವಾಗಿ ತೇರ್ಗಡೆಯಾಗುತ್ತಿತ್ತು. ಆದರೆ ಬಂಡಿ ಮೂಲರೂಪದಲ್ಲಿರಬೇಕು, ದೊಡ್ಡ ಮಾರ್ಪಾಡಾಗಿರಬಾರದು ಎಂಬುದೂ ಅದೇ ನಿಯಮ. ಬೈರಮಂಗಲದ ಬಡಗಿಯ ಮರದ ತೊಟ್ಟಿ ವಿಲ್ಲಿಸ್ ಕಾರ್ಖಾನೆಯ ಮೂಲರೂಪವೆಂದು ಯಾವ ಅಧಿಕಾರಿ ಒಪ್ಪಿಯಾನು? ತೊಟ್ಟಿಯನ್ನು ತೆಗೆದರೆ ಮೂಲರೂಪವಾದೀತು, ಆದರೆ ಅದು ಅಪ್ಪನ ಬಂಡಿಯಾಗದು. ಅಪ್ಪನಿಗೆ ಜೀಪೆಂದರೆ ಆ ತೊಟ್ಟಿಯೇ. ಹಿರಿಯರು ಕನ್ನಡಕ ತೆಗೆದಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತರು. ಮೆರವಣಿಗೆಯ ಆಸೆ ಅಲ್ಲಿಗೆ ಮುಗಿಯಿತು. ಎರಡೂವರೆ ಲಕ್ಷದ ಪ್ರಶ್ನೆಯೂ ಮುಗಿಯಿತು. ಉಳಿದದ್ದು ತೊಂಬತ್ತು ಸಾವಿರ ಒಂದು ಕಡೆ, ಇಪ್ಪತ್ತೆಂಟು ಸಾವಿರ ಒಂದು ಕಡೆ.

ಒಂಬತ್ತನೆಯ ದಿನ ಮೇಸ್ತ್ರಿ ಬರುವ ಹೊತ್ತಿಗೆ ಹಿರಿಯರು ಊರಿನಲ್ಲಿದ್ದರು. ಮೇಸ್ತ್ರಿ ರೇಡಿಯೇಟರಿನ ಕೆಳಗಿನ ರಂಧ್ರದಲ್ಲಿ ಹ್ಯಾಂಡಲ್ ತೂರಿಸಿ, ಮೆಲ್ಲನೆ, ಒಂದಿಷ್ಟು ಆಚೆಗೆ ಒಂದಿಷ್ಟು ಈಚೆಗೆ ಆಡಿಸಿದರು. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಒಳಗೆಲ್ಲೋ ಒಂದು ನಿಟ್ಟುಸಿರಿನಂಥ ಸದ್ದಾಯಿತು. ಹ್ಯಾಂಡಲ್ ಕಾಲುಸುತ್ತು ತಿರುಗಿತು, ಮತ್ತೆ ಅರ್ಧ ಸುತ್ತು. ಪ್ಲಗ್ಗಿನ ರಂಧ್ರಗಳಿಂದ ಕಪ್ಪು ಎಣ್ಣೆ ಚಿಮ್ಮಿತು.

“ಬಿಟ್ಟುಕೊಟ್ತು!” ಎಂದು ಮೇಸ್ತ್ರಿ ಬೆವರು ಒರೆಸಿಕೊಂಡರು.

ಹಿರಿಯರ ಉತ್ಸಾಹಕ್ಕೆ ಪಾರವಿಲ್ಲ. ಪಂಚೆಯನ್ನು ಮೇಲಕ್ಕೆ ಕಟ್ಟಿ, “ನಾನೊಂದು ಸಲ,” ಎಂದು ಮುಂದೆ ಬಂದು, ಬಲಗೈಯಲ್ಲಿ ಹ್ಯಾಂಡಲನ್ನು ಭದ್ರವಾಗಿ, ಐದು ಬೆರಳೂ ಸುತ್ತಿ ಹಿಡಿದರು.

“ಹೆಬ್ಬೆಟ್ಟು ತೆಗಿ!”

ಅಷ್ಟು ಹೊತ್ತು ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದ ತಮ್ಮನವರ ಕೂಗು ಅದು. ಕೂಗಿದ್ದಷ್ಟೇ ಅಲ್ಲ, ಓಡಿಬಂದು ಅಣ್ಣನ ಕೈಯನ್ನು ಹ್ಯಾಂಡಲಿನಿಂದ ಕಿತ್ತೇಬಿಟ್ಟರು. ಪ್ಲಗ್ಗಿಲ್ಲದ, ಪೆಟ್ರೋಲಿಲ್ಲದ ಇಂಜಿನ್ನು ಏನೂ ಮಾಡುವಂತಿರಲಿಲ್ಲ, ಮೇಸ್ತ್ರಿ ನಕ್ಕರು. ತಮ್ಮ ನಗಲಿಲ್ಲ.

ಹ್ಯಾಂಡಲ್ ಹೊಡೆದು ಬಂಡಿ ಎಬ್ಬಿಸುತ್ತಿದ್ದ ಕಾಲದವರಿಗೆಲ್ಲ ಇದು ಗೊತ್ತಿದ್ದ ಪಾಠ. ಕಿಡಿ ಹೊತ್ತು ಮುಂಚೆಯೇ ಹಾರಿದರೆ ಇಂಜಿನ್ನು ಹಿಂದಕ್ಕೆ ಒದೆಯುತ್ತದೆ. ಹೆಬ್ಬೆರಳು ಮಿಕ್ಕ ಬೆರಳುಗಳ ಪಕ್ಕದಲ್ಲೇ ಇದ್ದರೆ ಹ್ಯಾಂಡಲ್ ಕೈಬಿಟ್ಟು ಜಾರುತ್ತದೆ. ಎದುರುಗಡೆಯಿಂದ ಸುತ್ತಿಕೊಂಡಿದ್ದರೆ ಹೆಬ್ಬೆರಳನ್ನೋ ಮಣಿಕಟ್ಟನ್ನೋ ಮುರಿದೇ ಬಿಡುತ್ತದೆ. ತಮ್ಮನವರು ತಮ್ಮ ಬಲಗೈಯನ್ನು ಮುಂದೆ ಚಾಚಿ ತೋರಿಸಿದರು. ಮಣಿಕಟ್ಟು ಸ್ವಲ್ಪ ಸೊಟ್ಟಗಿತ್ತು. ಅರುವತ್ತು ವರ್ಷದಿಂದ ಜೊತೆಯಲ್ಲಿ ಉಂಡು ಹಬ್ಬ ಮಾಡಿದ ಅಣ್ಣ ಅದನ್ನು ಕಂಡಿದ್ದರೂ ನೋಡಿರಲಿಲ್ಲ.

“ಯಾವಾಗ ಆಯ್ತೋ ಇದು?”

“ಎಪ್ಪತ್ತೇಳರಲ್ಲಿ. ನೀನು ಬೆಂಗಳೂರಲ್ಲಿ ಪರೀಕ್ಷೆ ಬರೀತಿದ್ದೆ.”

“ನನಗೆ ಯಾರೂ ಕಾಗದ ಬರೆಯಲಿಲ್ಲವಲ್ಲ!”

“ಬರೆದಿದ್ರೆ ನೀನು ಪರೀಕ್ಷೆ ಬಿಟ್ಟು ಬರ್ತಿದ್ದೆ ಅಂತ ಅಪ್ಪ ಬೇಡ ಅಂದ್ರು. ಆ ವರ್ಷ ನಾನು ಎಸ್ಸೆಸ್ಸೆಲ್ಸಿ. ಬರಿಯೋ ಕೈಯೇ ಮುರಿದಿತ್ತು, ಕೂರಲಿಲ್ಲ. ಆಮೇಲೆ ಕೂರೋಕೆ ಮನಸ್ಸಾಗಲಿಲ್ಲ.”

ತಮ್ಮನವರ ಧ್ವನಿಯಲ್ಲಿ ದೂರೇನೂ ಇರಲಿಲ್ಲ. ಹಸುವಿಗೆ ಎಷ್ಟು ಹಿಂಡಿ ಹಾಕಿದೆನೆಂದು ಹೇಳುವಂತೆ ಹೇಳಿದರು. ಜಗಲಿಯ ಮೇಲಿಂದ ತಾಯಿ, ಅಷ್ಟು ದಿನದಲ್ಲಿ ಮೊದಲ ಬಾರಿಗೆ, ಜೀಪಿನ ಮಾತೆತ್ತಿದರು.

“ಸೆಲ್ಫು ಕೆಟ್ಟಿತ್ತು ಕಣಪ್ಪ. ನಿಮ್ಮಪ್ಪ ಮಾಡಿಸ್ತೀನಿ ಮಾಡಿಸ್ತೀನಿ ಅಂತಲೇ ಇದ್ರು. ಗೂಡು ಮಾರಿದ ದುಡ್ಡು ಬಂತು, ಅದೇ ವಾರ ನಿನ್ನ ಹಾಸ್ಟೆಲಿನ ಫೀಜು ಬಂತು. ಮೊದಲು ಅದು ಕಟ್ಟಿಬಿಡೋಣ, ಸೆಲ್ಫು ಮುಂದಿನ ಗೂಡಿಗೆ ಆಯ್ತು ಅಂದ್ರು. ಅಷ್ಟರಲ್ಲಿ ಹಿಂಗಾಯ್ತು. ಆಮೇಲೂ ಅದನ್ನ ಮಾಡಿಸಲಿಲ್ಲ. ಆಸ್ಪತ್ರೆಗೆ ಆಯ್ತು ದುಡ್ಡು.”

ಹಿರಿಯರು ಜೀಪಿನ ಮಡ್‌ಗಾರ್ಡಿನ ಮೇಲೆ ಕೈಯಿಟ್ಟು ನಿಂತಿದ್ದರು. ಅಂಗೈಗೆ ತುಕ್ಕಿನ ಕೆಂಪು ಅಂಟಿತ್ತು. ತಂದೆಯ ನೆನಪೆಂದು ಅವರು ಇಷ್ಟು ದಿನ ಆಡುತ್ತಿದ್ದುದು ರಜೆಯಲ್ಲಿ ಊರಿಗೆ ಬಂದಾಗ ತೊಟ್ಟಿಯಲ್ಲಿ ಕುಳಿತು ಬಿಡದಿಗೆ ಹೋಗಿ ಇಡ್ಲಿ ತಿಂದ ನೆನಪು. ಚಳಿಯ ರಾತ್ರಿಯಲ್ಲಿ ಎರಡು ಗಂಟೆಗೆ ಎದ್ದು ಈ ಹ್ಯಾಂಡಲ್ ಹೊಡೆದವರು ಇನ್ನೊಬ್ಬರು. ಮಾರುಕಟ್ಟೆಯ ಅಂಗಳದಲ್ಲಿ ಈ ಬಂಡಿಯ ಕೆಳಗೆ ಗೋಣಿ ಹಾಸಿ ಮಲಗಿದವರೂ ಅವರೇ. ಬಂಡಿ ಉಳಿಯಬೇಕೋ ಹೋಗಬೇಕೋ ಎಂದು ಹೇಳುವ ಹಕ್ಕು ಯಾರದೆಂದು ಪಾಲುಪಟ್ಟಿ ಬರೆದ ದಿನ ಯಾರೂ ಕೇಳಿರಲಿಲ್ಲ.

“ಗುಜರಿಯವನಿಗೆ ನಾಳೆ ಬಾ ಅಂತ ಹೇಳಿಬಿಡು,” ಎಂದರು ಅಣ್ಣ, ಬಹಳ ಹೊತ್ತಿನ ಮೇಲೆ. “ಕೊಟ್ಟಿಗೆಯ ಖರ್ಚು ನಾನು ಕೊಡುತ್ತೇನೆ. ನನಗೆ ಇದರ ಮೇಲೆ ಇನ್ನೇನೂ ಹೇಳುವುದಿಲ್ಲ.”

ತಮ್ಮನವರು ಉತ್ತರ ಕೊಡದೆ ಜೀಪಿನ ಸುತ್ತ ಒಮ್ಮೆ ನಡೆದರು. ತೊಟ್ಟಿಯ ಹಲಗೆಯನ್ನು ಅಲುಗಾಡಿಸಿ ನೋಡಿದರು. ಒಂದು ಕಡೆ ಹಲಗೆಯ ಮೇಲೆ, ಮೂಟೆ ಬಿಗಿಯುವ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳಿದ್ದವು. ಅವುಗಳ ಮೇಲೆ ಬೆರಳಾಡಿಸಿದರು. ಹೆಂಡತಿ ಒಳಗಿನಿಂದ ಕಾಫಿ ತಂದಿಟ್ಟರು, ಅದು ಆರುತ್ತಿತ್ತು.

“ಹಸುಗಳನ್ನ ಆಚೆ ಬದಿ ಕಟ್ಟಬಹುದು,” ಎಂದರು ಕೊನೆಗೆ. “ಹೇಗೂ ಅಲ್ಲಿ ನೆಲ ಗಟ್ಟಿ ಇದೆ. ಸೆಲ್ಫು ಹಾಕಿಸೋದಾದ್ರೆ ಮಾಡಿಸು ಅಣ್ಣ. ಇಲ್ಲದಿದ್ರೆ ಬೇಡ. ಇನ್ನು ಈ ಮನೇಲಿ ಯಾರೂ ಹ್ಯಾಂಡಲ್ ಹೊಡೆಯೋದು ಬೇಡ.”

ಮೇಸ್ತ್ರಿ ಕಿವಿಯ ಮೇಲಿದ್ದ ಪೆನ್ಸಿಲನ್ನು ತೆಗೆದು, ಬೀಡಿಯ ಕಟ್ಟಿನ ಹಿಂಬದಿಯಲ್ಲಿ ಪಟ್ಟಿ ಬರೆಯಲು ಸಿದ್ಧರಾದರು. ಷಾಸಿಯ ಬೆಸುಗೆ, ಬ್ರೇಕು, ಟ್ಯಾಂಕು ಎಂದು ಅವರು ಎಣಿಸುತ್ತಿದ್ದಂತೆ ಹಿರಿಯರು ತಡೆದರು.

“ಮೊದಲು ಸೆಲ್ಫ್ ಮೋಟಾರು ಬರೆಯಿರಿ.”

“ಅದು ಕೊನೇ ಕೆಲಸ ಸ್ವಾಮಿ. ಇಂಜಿನ್ ಬಿಚ್ಚಿ ಕೂರಿಸಿ, ಬ್ಯಾಟರಿ ಬಂದ ಮೇಲೆ…”

“ಆಗಲಿ. ಬರೆಯುವುದು ಮಾತ್ರ ಮೊದಲು ಬರೆಯಿರಿ.”

ಮೇಸ್ತ್ರಿ ಒಬ್ಬರ ಮುಖವನ್ನೊಬ್ಬರದು ನೋಡಿ, ತಲೆದೂಗಿ, ಹಾಗೆಯೇ ಬರೆದುಕೊಂಡರು.